ಒಣಮೆಣಸಿನಕಾಯಿ ಬಾಣಗಳ ಬೆನ್ನು ಹತ್ತಿ

ಹೋದ ಬೇಸಿಗೆಯಲ್ಲಿ ಧಾರವಾಡದ ರೂಮಿನಲ್ಲಿ ಕೂತು ದೇಶ ದೇಶಗಳ ನಡುವಿನ ಒಣಮೆಣಸಿನಕಾಯಿ ವ್ಯಾಪಾರದ ನೆಟ್‌ವರ್ಕ್ ಚಿತ್ರ ಬಿಡಿಸಿದೆ. ಒಂದೊಂದು ದೇಶಕ್ಕೂ ಒಂದು ಚುಕ್ಕಿ, ಮಾಲು ಹೋದ ಕಡೆಗೆ ಒಂದು ಬಾಣ. ಎಷ್ಟು ಡಾಲರಿನ ಮಾಲೋ ಬಾಣ ಅಷ್ಟು ದಪ್ಪ. ಡೇಟಾ ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳ ಕೋಶ ಕಾಮ್‌ಟ್ರೇಡ್‌ನದು. ಸರಕುಗಳನ್ನು ಗುರುತಿಸುವ ಎಚ್‌ಎಸ್ ಕೋಡ್‌ಗಳಲ್ಲಿ ಪುಡಿ ಮಾಡದ ಒಣಮೆಣಸಿನಕಾಯಿಯದು 090421. ಮೊದಲು ಭಾರತದ ಎಲ್ಲ ಸರಕುಗಳ ವ್ಯಾಪಾರವನ್ನೇ ಹಿಡಿಯಲು ಹೊರಟಿದ್ದೆ. ಚಿತ್ರ ಗಂಟುಬಿದ್ದ ನೂಲಿನ ಹಾಗೆ ಕಂಡಿತು, ಬಿಟ್ಟೆ.

ಶುರುವಿನಲ್ಲೇ ಸಣ್ಣ ಎಡವಟ್ಟು. ಕಾಮ್‌ಟ್ರೇಡ್‌ನಲ್ಲಿ ಭಾರತದ ನಂಬರ್ 699, ನನ್ನ ನಕ್ಷೆಯ ಫೈಲಿನಲ್ಲಿ 356. ಎರಡೂ ಹೊಂದದೆ ಭಾರತದ ಚುಕ್ಕಿಯೇ ಬಿಟ್ಟುಹೋಯಿತು. ಭಾರತವೇ ಇಲ್ಲದ ಮೆಣಸಿನಕಾಯಿ ವ್ಯಾಪಾರ! ಅದು ಬೇಗ ಸರಿಹೋಯಿತು.

ಎರಡು ದಿನ ತಿಂದದ್ದು ಬೇರೆ ತಪ್ಪು. ನಡುವಿನ ಕೊಂಡಿ ಯಾವ ದೇಶ ಅಂತ ನೋಡಲು ನೆಟ್‌ವರ್ಕ್‌ಎಕ್ಸ್ ಎಂಬ ಪೈಥಾನ್ ಸಾಫ್ಟ್‌ವೇರಿನಲ್ಲಿ ಬಿಟ್ವೀನ್‌ನೆಸ್ ತೆಗೆದೆ, ಅಂದರೆ ಬೇರೆ ದೇಶಗಳ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಒಂದು ದೇಶ ಎಷ್ಟು ಸಲ ಸಿಗುತ್ತದೆ ಅನ್ನುವ ಲೆಕ್ಕ. ನಾಲ್ಕು ಚೀಲ ಕೊಂಡು ಮಾರುವಂಥ ದೇಶಗಳೆಲ್ಲ ಮೇಲೆ ಬಂದು ಕೂತವು. ಆ ಲೆಕ್ಕ ಬಾಣದ ತೂಕವನ್ನು, ಅಂದರೆ ನಾನು ಕೊಟ್ಟ ಡಾಲರ್ ಮೌಲ್ಯವನ್ನು, ದೂರ ಅಂತ ಓದುತ್ತದೆ. ವ್ಯಾಪಾರ ಜಾಸ್ತಿ ಇದ್ದಷ್ಟೂ ದೇಶಗಳು ದೂರ ದೂರ! ಒಂದನ್ನು ಡಾಲರ್ ಮೌಲ್ಯದಿಂದ ಭಾಗಿಸಿ, ಆ ಸಂಖ್ಯೆಯನ್ನು ದೂರವಾಗಿ ಕೊಟ್ಟ ಮೇಲೆ ಲೆಕ್ಕ ದಾರಿಗೆ ಬಂತು.

ಹಬ್ಬಕ್ಕೆ ಹಾವೇರಿಗೆ ಹೋದಾಗ ಕಾಕಾಗೆ ಚಿತ್ರ ತೋರಿಸಿದೆ. ಅವರು ಪ್ರತಿ ವರ್ಷ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹಾಕುವವರು.

"ಈ ಬಾಣ ಕಾಯಿ ಬೆಳದ ಊರಿಂದ ಹೊಂಟದೋ, ಮಾರಿದ ಊರಿಂದೋ?" ಅಂದರು. "ಬ್ಯಾಡಗಿ ಪ್ಯಾಟಿಗೆ ಬಳ್ಳಾರಿ, ರಾಯಚೂರು ಮಾಲೂ ಬರ್ತದ. ಹೊರಗ ಹೋಗೂವಾಗ ಎಲ್ಲಾ ಬ್ಯಾಡಗಿನ."

ನಾನು ಸುಮ್ಮನಾದೆ. ರಫ್ತು ಮಾಡುವ ದೇಶ ಬರೆಯುವುದು ಮಾಲು ಹೋಗಿ ಸೇರುವ, ತನಗೆ ಗೊತ್ತಿರುವ ಕೊನೆಯ ದೇಶವನ್ನು. ಆಮದು ಮಾಡುವ ದೇಶ ಸಾಮಾನ್ಯವಾಗಿ ಬರೆಯುವುದು ಮಾಲು ಹುಟ್ಟಿದ ದೇಶವನ್ನು. ಸಿಂಗಪುರ, ಯುಎಇಯಂಥ ತರಿಸಿ ಮತ್ತೆ ಸಾಗಿಸುವ ದೇಶಗಳು ನಡುವೆ ಬಂದರೆ ಎರಡು ಲೆಕ್ಕ ಹೊಂದುವುದಿಲ್ಲ. ಮೇಲಾಗಿ ಆಮದಿನ ಲೆಕ್ಕದಲ್ಲಿ ಸಾಗಣೆ, ವಿಮೆಯ ಖರ್ಚೂ ಸೇರಿರುತ್ತದೆ.

ವಾಪಸ್ ಬಂದು ಎರಡು ಚಿತ್ರ ಮಾಡಿದೆ, ಒಂದು ರಫ್ತಿನ ವರದಿಯಿಂದ, ಇನ್ನೊಂದು ಆಮದಿನದರಿಂದ. ಒಂದರಲ್ಲಿ ದಪ್ಪಗಿದ್ದು ಇನ್ನೊಂದರಲ್ಲಿ ಸೊರಗಿದ ಬಾಣಗಳಿಗೆ ಕೆಂಪು ಬಣ್ಣ ಹಚ್ಚಿದೆ. ಈಗ ಯಾರಾದರೂ ಕೇಳಿದರೆ ಮೊದಲು ತೋರಿಸುವುದು ಆ ಕೆಂಪು ಬಾಣಗಳನ್ನೇ. 2012ಕ್ಕಿಂತ ಹಿಂದಕ್ಕೆ ಮಾತ್ರ ಹೋಗಿಲ್ಲ. ಆಗ ಇಡೀ ಕಾಯಿಗೂ ಪುಡಿಗೂ ಒಂದೇ ಕೋಡ್ ಇತ್ತು, ಬೇರೆ ಮಾಡಲು ಆಗುವುದಿಲ್ಲ.