ಮ್ಯೂಸಿಯಂ ಅಂಗಳದಲ್ಲಿ ನಮ್ಮ ಹ್ಯಾಮ್ ಸ್ಟೇಷನ್

ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಒಬ್ಬರೊಡನೊಬ್ಬರು ಮಾತಾಡುವವರಿಗೆ ಹ್ಯಾಮ್ ಅನ್ನುತ್ತಾರೆ, ನಾನೂ ಅವರಲ್ಲಿ ಸೇರಿದ್ದೇನೆ. ಮನೆಯಲ್ಲಿ ರೇಡಿಯೊ ಮುಂದೆ ಕೂತಾಗ ಆ ಕಡೆಯಿಂದ ಮಾತಾಡುವವರೇ ನನಗೆ ಮುಖ್ಯ. ಮ್ಯೂಸಿಯಂನಲ್ಲಿ ಹಾಗಲ್ಲ, ಮೇಜಿನ ಮುಂದೆ ನಿಂತು ನೋಡುವವರು ಮುಖ್ಯ. ನಮ್ಮ ಕ್ಲಬ್‌ನ ವಿಶೇಷ ಸ್ಟೇಷನ್ ನಡೆಸುವ ಹೊಣೆ ನನಗೆ ಬಂದಾಗ ಬ್ಯಾಂಡ್ (ಮಾತಾಡುವ ಆವರ್ತನದ ಪಟ್ಟಿ), ಆಂಟೆನಾ, ಸ್ಪೀಕರ್ ಎಲ್ಲವನ್ನೂ ಈ ಲೆಕ್ಕದಲ್ಲೇ ಆರಿಸಿದೆ. ಲಾಗ್‌ನಲ್ಲಿ, ಅಂದರೆ ಸಂಪರ್ಕಗಳ ದಾಖಲೆಯಲ್ಲಿ, ಎಷ್ಟು ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ತುಂಬಿದವು ಎಂಬುದು ಆಮೇಲಿನ ಮಾತು.

ದಿನಾಂಕಕ್ಕೆ ಎರಡು ಆಯ್ಕೆ ಇದ್ದವು. ಏಪ್ರಿಲ್ 18 ವಿಶ್ವ ಹವ್ಯಾಸಿ ರೇಡಿಯೊ ದಿನ. 1925ರಲ್ಲಿ ಪ್ಯಾರಿಸ್‌ನಲ್ಲಿ ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ ದಿನ ಅದು. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಹೇಗೂ ಜನ ಬರುತ್ತಾರೆ ಎಂದು ಎರಡನೆಯದಕ್ಕೇ ಒಪ್ಪಿದೆವು. ಆ ದಿನಕ್ಕೆಂದೇ ಬೇರೆ ಕಾಲ್‌ಸೈನ್ ಬೇಕಿದ್ದರೆ ಅರ್ಜಿಯನ್ನು ಬಹಳ ಮುಂಚೆ ಹಾಕಿಡುವುದು ಒಳ್ಳೆಯದು.

ನಿಜವಾದ ಕೆಲಸ ಶುರುವಾಗಿದ್ದು ರೇಡಿಯೊದಲ್ಲಿ ಕೇಳುವ ವಿದ್ಯುತ್ ಗದ್ದಲದಿಂದ. ಬ್ಯಾಟರಿ ಮೇಲೆ ನಡೆಯುವ ಒಂದು ಪುಟ್ಟ ರಿಸೀವರ್ ಹಿಡಿದು ಮೊದಲೇ ಹೋಗಿ ಕೇಳಿದೆ. ನಾವು ಬಳಸಲಿದ್ದ 7 ಮೆಗಾಹರ್ಟ್ಸ್‌ನಲ್ಲಿ ಬರೀ ಗುಯ್ಯೆನ್ನುವ ಸದ್ದು. ಸಂಕೇತದ ಬಲ ತೋರಿಸುವ ಮೀಟರ್‌ನ ಮುಳ್ಳು ಎಸ್-8ರಿಂದ ಕೆಳಗಿಳಿಯಲೇ ಇಲ್ಲ. ಅಲ್ಲಿಯ ಎಲೆಕ್ಟ್ರಿಷಿಯನ್ ಒಂದೊಂದೇ ಸ್ವಿಚ್ ಆರಿಸುತ್ತಾ ಹೋದರು, ನಾನು ಮುಳ್ಳು ನೋಡುತ್ತಾ ನಿಂತೆ. ದೊಡ್ಡ ದೀಪಗಳು ಆರಿದಾಗ ಏನೂ ಆಗಲಿಲ್ಲ, ಲಿಫ್ಟ್ ನಿಂತಾಗಲೂ ಇಲ್ಲ. ಗಾಜಿನ ಪೆಟ್ಟಿಗೆಗಳೊಳಗಿನ ಎಲ್‌ಇಡಿ ಪಟ್ಟಿ ಆರಿದ ಕೂಡಲೇ ಮುಳ್ಳು ಎಸ್-4ಕ್ಕೆ ಬಿತ್ತು. ಒಂದು ಎಸ್ ಯೂನಿಟ್ ಅಂದರೆ 6 ಡೆಸಿಬೆಲ್, ನಾಲ್ಕಾದರೆ 24. ಶಕ್ತಿಯ ಲೆಕ್ಕದಲ್ಲಿ ಸುಮಾರು ಇನ್ನೂರೈವತ್ತು ಪಟ್ಟು. ದೋಷ ದೀಪದ್ದಲ್ಲ, ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್‌ನದು. ಒಳಗೆ ವೇಗವಾಗಿ ಆನ್-ಆಫ್ ಆಗುವ ಸರ್ಕ್ಯೂಟ್ ಇರುತ್ತದೆ, ಉದ್ದನೆಯ ವೈರ್ ಅದಕ್ಕೆ ಆಂಟೆನಾ ಆಗಿಬಿಡುತ್ತದೆ. ವೈರ್‌ಗಳನ್ನು ಗದ್ದಲ ತಡೆಯುವ ಫೆರೈಟ್ ಉಂಗುರಗಳಿಗೆ ಹಲವು ಸುತ್ತು ಸುತ್ತಿದೆವು, ಆಂಟೆನಾಕ್ಕೆ ಹೋಗುವ ನಮ್ಮ ಕೋಆಕ್ಸ್ ಕೇಬಲ್‌ಗೂ ಗದ್ದಲ ತಡೆಯುವ ಒಂದು ಚೋಕ್ ಹಾಕಿದೆವು, ಆಂಟೆನಾವನ್ನು ಅಂಗಳದ ಆಚೆ ಕೊನೆಗೆ ಒಯ್ದೆವು. ದೀಪ ಉರಿಯುತ್ತಲೇ ಗದ್ದಲ ತಗ್ಗಿತು. ಯಾರಾದರೂ ಮ್ಯೂಸಿಯಂನಲ್ಲಿ ಸ್ಟೇಷನ್ ಹಾಕುವುದಿದ್ದರೆ ಈ ಒಂದು ಕೆಲಸ ಬಿಡಬೇಡಿ. ಗದ್ದಲ ಇದ್ದರೆ ನಿಮ್ಮ ಪಳಗಿದ ಕಿವಿಗೆ ಮಾತು ಸಿಕ್ಕೀತು, ನೋಡಲು ಬಂದವರಿಗೆ ಖಂಡಿತ ಸಿಗುವುದಿಲ್ಲ.

ಹಳೆಯ ಕಟ್ಟಡಕ್ಕೆ ಮೊಳೆ ಹೊಡೆಯುವಂತಿಲ್ಲ, ಕಿಟಕಿಯ ಸರಳಿಗೆ ಏನನ್ನೂ ಕಟ್ಟುವಂತಿಲ್ಲ. ಫೈಬರ್‌ಗ್ಲಾಸ್ ಕಂಬವನ್ನು ಮರಳು ಚೀಲಗಳ ಮಧ್ಯೆ ನಿಲ್ಲಿಸಿ, ಸುಮಾರು 20 ಮೀಟರ್ ಉದ್ದದ ಡೈಪೋಲನ್ನು (ನಡುವಿನಿಂದ ಎರಡು ಕಡೆಗೆ ಚಾಚುವ ತಂತಿ ಆಂಟೆನಾ) ತಲೆಕೆಳಗಾದ ‘ವಿ’ ಆಕಾರದಲ್ಲಿ ಇಳಿಬಿಟ್ಟೆವು. ತುದಿಗಳನ್ನು ಹಗ್ಗದಿಂದ ಎಳೆದು ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ ಕಟ್ಟಿದ್ದಕ್ಕೆ ಕಾರಣವಿದೆ: ಮಾತಾಡುವಾಗ ವೋಲ್ಟೇಜ್ ಹೆಚ್ಚಾಗಿರುವುದು ಅಲ್ಲೇ, ಮುಟ್ಟಿದರೆ ಸುಡುತ್ತದೆ. ಇಷ್ಟು ತಗ್ಗಿನ ಡೈಪೋಲ್‌ನಿಂದ ಅಲೆಗಳು ಹೆಚ್ಚಾಗಿ ನೇರ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್‌ಗಳೊಳಗೆ ಕೆಳಗಿಳಿಯುತ್ತವೆ. ನನಗೆ ಬೇಕಿದ್ದದ್ದೂ ಅದೇ. 14 ಮೆಗಾಹರ್ಟ್ಸ್‌ನಲ್ಲಿ ದೂರ ದೇಶ ಸಿಗುತ್ತದೆ ನಿಜ, ಆದರೆ ಆ ದನಿ ಏರಿಳಿಯುತ್ತಾ ಮಸುಕಾಗಿ ಬರುತ್ತದೆ. ಹತ್ತಿರದ ದನಿ ಗಟ್ಟಿಯಾಗಿ ಬರುತ್ತದೆ, ನಿಂತವರಿಗೆ ಮಾತೂ ಅರ್ಥವಾಗುತ್ತದೆ.

ಎಫ್‌ಟಿ8 ಬೇಡವೆಂದೆ. 2017ರಲ್ಲಿ ಬಂದ, ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಈ ವಿಧಾನ ಹದಿನೈದು ಸೆಕೆಂಡಿನ ಸರದಿಗಳಲ್ಲಿ ತೀರ ಕ್ಷೀಣ ಸಂಕೇತವನ್ನೂ ಹಿಡಿಯುತ್ತದೆ, ಮನೆಯಲ್ಲಿ ನಾನೂ ಬಳಸುತ್ತೇನೆ. ಆದರೆ ಹೊರಗಿನವರಿಗೆ ಅದು ಪರದೆ ಮೇಲೆ ಸರಿಯುವ ಸಾಲುಗಳಷ್ಟೆ. ದನಿ ಮತ್ತು ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಮಾತ್ರ ಇಟ್ಟುಕೊಂಡೆವು.

ಮೇಜಿನ ಹತ್ತಿರ ಇಬ್ಬರು: ಒಬ್ಬರು ಹೆಡ್‌ಫೋನ್ ಹಾಕಿ ಸ್ಟೇಷನ್ ನಡೆಸುವವರು, ಇನ್ನೊಬ್ಬರು ಬಂದವರ ಜೊತೆ ಮಾತಾಡುವವರು. ಎರಡನ್ನೂ ಒಬ್ಬರೇ ಮಾಡಿದರೆ ಎರಡೂ ಕೆಡುತ್ತವೆ. ಜನರ ಕಡೆ ತಿರುಗಿಸಿದ ಸ್ಪೀಕರ್ ಬೇರೆಯೇ ಇತ್ತು. ಲೈಸೆನ್ಸ್ ಇಲ್ಲದವರು ಮೈಕ್‌ನಲ್ಲಿ ಮಾತಾಡಬಹುದೇ ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅದನ್ನು ಮೊದಲೇ ಓದಿಟ್ಟುಕೊಳ್ಳಬೇಕು. ನಾವು ಮೈಕ್ ಕೊಡಲಿಲ್ಲ, ಟ್ಯೂನಿಂಗ್ ಗುಬುಟು ಕೊಟ್ಟೆವು. ಒಬ್ಬಳು ಹುಡುಗಿ ತಿರುಗಿಸಲು ಶುರು ಮಾಡಿದಾಗ ಬಾತುಕೋಳಿ ಕೂಗಿದಂತಹ ಸದ್ದು ಬಂತು. ದನಿ ಕಳಿಸುವ ಎಸ್‌ಎಸ್‌ಬಿ ವಿಧಾನದಲ್ಲಿ ದನಿಯನ್ನು ಹೊರುವ ವಾಹಕ ಅಲೆಯನ್ನೂ ಅದರ ಎರಡು ಪಕ್ಕದ ಪಟ್ಟಿಗಳಲ್ಲಿ ಒಂದನ್ನೂ ತೆಗೆದುಹಾಕಿ ಕಳಿಸುವುದರಿಂದ ಟ್ಯೂನಿಂಗ್ ನೂರಿನ್ನೂರು ಹರ್ಟ್ಸ್ ಆಚೀಚೆ ಆದರೂ ದನಿ ವಿಕಾರವಾಗುತ್ತದೆ. ಇನ್ನಷ್ಟು ನಿಧಾನ ಅಂದೆ. ಒಂದು ಕೂದಲೆಳೆಯಷ್ಟು ತಿರುಗಿಸಿದಳು. ಯಾರೋ ಸ್ಪಷ್ಟವಾಗಿ ತಮ್ಮ ಕಾಲ್‌ಸೈನ್ ಹೇಳುತ್ತಿದ್ದರು. ಅವಳು ಗುಬುಟು ಬಿಡಲೊಪ್ಪಲಿಲ್ಲ, ಹಿಂದೆ ನಿಂತವರೂ ಅವಸರ ಮಾಡಲಿಲ್ಲ.

ಆ ಕಡೆಯವರಿಗೆ ನಾವು ಕೇಳಿಕೊಂಡದ್ದು ಒಂದೇ: ದಯವಿಟ್ಟು ಕ್ಯೂ ಸಂಕೇತ (ಹ್ಯಾಮ್‌ಗಳು ಬಳಸುವ ಮೂರಕ್ಷರದ ಸಂಕ್ಷೇಪ) ಬೇಡ. ‘ಕ್ಯೂಟಿಎಚ್’ ಅನ್ನುವ ಬದಲು ಊರಿನ ಹೆಸರು ಹೇಳಿ, ನಿಮ್ಮ ಆಂಟೆನಾ ಎಲ್ಲಿ ಕಟ್ಟಿದ್ದೀರಿ ಹೇಳಿ. ಎಷ್ಟು ಜನ ಸಾಲುಗಟ್ಟಿ ಕರೆಯುತ್ತಿದ್ದರೂ, ಇಲ್ಲಿ ಮಕ್ಕಳು ಕೇಳುತ್ತಿದ್ದಾರೆ, ಸ್ವಲ್ಪ ತಡೆಯಿರಿ ಅಂದರೆ ಎಲ್ಲರೂ ತಡೆದರು. ಹ್ಯಾಮ್‌ಗಳ ಈ ಗುಣಕ್ಕೆ ನಾನು ಯಾವತ್ತೂ ಋಣಿ.

ಪಕ್ಕದ ಪೆಟ್ಟಿಗೆಯಲ್ಲಿದ್ದ ಹಳೆಯ ಸ್ಪಾರ್ಕ್ ಟ್ರಾನ್ಸ್‌ಮಿಟರ್ ನೋಡಿದವರೆಲ್ಲ ‘ಇದನ್ನೇ ನಡೆಸಿ ತೋರಿಸಿ’ ಎಂದರು. ನಡೆಸುವಂತಿಲ್ಲ. ಕಿಡಿಯಿಂದ ಹೊರಡುವ ಅಲೆ ಅಗಲವಾಗಿ ಹರಡಿ ಉಳಿದವರ ಮಾತನ್ನೆಲ್ಲ ಮುಚ್ಚುತ್ತದೆ, ಹಾಗಾಗಿ ಅಂತರರಾಷ್ಟ್ರೀಯ ನಿಯಮ ಅದನ್ನು ಪೂರ್ತಿ ನಿಷೇಧಿಸಿದೆ. ಬದಲಿಗೆ ಅದರ ಪಕ್ಕದಲ್ಲಿ ಅಭ್ಯಾಸದ ಮೋರ್ಸ್ ಕೀ ಮತ್ತು ಬಜರ್ ಇಟ್ಟೆವು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಅಟ್ಲಾಂಟಿಕ್ ಆಚೆಗೆ ಕಳಿಸಿದ ‘ಎಸ್’ ಅಕ್ಷರ ತನಗೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿತೆಂದು ಮಾರ್ಕೋನಿ ಹೇಳಿದ್ದರು. ಎಸ್ ಅಂದರೆ ಮೂರು ಚುಕ್ಕೆ, ಯಾರು ಬೇಕಾದರೂ ಕುಟ್ಟಬಹುದು. ಮುಂದೆ ಜನ ತಮ್ಮ ತಮ್ಮ ಹೆಸರನ್ನೂ ಕುಟ್ಟತೊಡಗಿದರು.

ಸಂಪರ್ಕಿಸಿದವರಿಗೆಲ್ಲ ಮ್ಯೂಸಿಯಂ ಚಿತ್ರವಿರುವ ಕ್ಯೂಎಸ್‌ಎಲ್ ಕಾರ್ಡ್ (ಸಂಪರ್ಕ ಆಯಿತೆಂದು ಖಚಿತಪಡಿಸುವ ಕಾರ್ಡ್) ಕಳಿಸಿದೆವು. ಪ್ರತಿಯಾಗಿ ಬರುವ ಕಾರ್ಡುಗಳು ಕಾರ್ಡುಗಳನ್ನು ಒಟ್ಟುಮಾಡಿ ತಲುಪಿಸುವ ಬ್ಯೂರೋ ಮೂಲಕ ತಿಂಗಳುಗಟ್ಟಲೆ ತಡವಾಗಿ, ನಾಲ್ಕೈದರಂತೆ ಬರುತ್ತಿವೆ. ಬಂದದ್ದನ್ನೆಲ್ಲ ಮ್ಯೂಸಿಯಂಗೆ ಕೊಡುತ್ತಿದ್ದೇವೆ; ಲಾಗ್‌ನ ಒಂದು ಪ್ರತಿಯೂ ಅಲ್ಲೇ ಇದೆ.