ಸಿಹಿ ಸ್ಟೌಟ್ ರುಚಿ ನೋಡುವವರಿಗೆ

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಹೋಗುವ ಗೆಳೆಯರೇ, ಬೋರ್ಡಿನಲ್ಲಿ ಚಾಕೊಲೇಟ್, ವೆನಿಲಾ ಅಥವಾ ತೆಂಗಿನಕಾಯಿ ಸ್ಟೌಟ್ (ಹುರಿದ ಬಾರ್ಲಿಯ ಕಪ್ಪು ಬಿಯರ್) ಕಂಡರೆ ನೇರವಾಗಿ ದೊಡ್ಡ ಗ್ಲಾಸ್ ಹೇಳಬೇಡಿ. ಮೊದಲು ಸ್ವಲ್ಪ ರುಚಿಗೆ ಕೊಡಿ ಅಂತ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಇನ್ನೊಂದು ಮುಖ್ಯ ಪ್ರಶ್ನೆ: "ಇದಕ್ಕೆ ಲ್ಯಾಕ್ಟೋಸ್ ಹಾಕಿದ್ದೀರಾ?" ಲ್ಯಾಕ್ಟೋಸ್ ಅಂದರೆ ಹಾಲಿನಲ್ಲಿರುವ ಸಕ್ಕರೆ. ಬಿಯರ್ ಯೀಸ್ಟ್ ಅದನ್ನು ತಿನ್ನುವುದಿಲ್ಲ, ಹಾಗಾಗಿ ಸಿಹಿ ಗ್ಲಾಸಿನವರೆಗೂ ಉಳಿಯುತ್ತದೆ. ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಒಮ್ಮೆ ಕೇಳದೇ ಕುಡಿದು ರಾತ್ರಿಯೆಲ್ಲಾ ಒದ್ದಾಡಿದ್ದೆ. ಬಿಯರಿನಲ್ಲಿ ಹಾಲಿನ ಅಂಶ ಇರುತ್ತದೆ ಅಂತ ಯಾರಿಗೆ ಹೊಳೆಯುತ್ತದೆ, ಅಲ್ವಾ? ಕಡಲೆಕಾಯಿ, ಬಾದಾಮಿ ಅಲರ್ಜಿ ಇರುವವರೂ ಅವನ್ನು ಹಾಕಿದ್ದಾರಾ ಅಂತ ಕೇಳಲೇಬೇಕು.

ಗ್ಲಾಸ್ ಬಂದ ತಕ್ಷಣ ಕುಡಿಯಬೇಡಿ. ತೀರಾ ತಣ್ಣಗಿದ್ದಾಗ ಪರಿಮಳ ಅಡಗಿರುತ್ತದೆ. ಹತ್ತು ನಿಮಿಷ ಬಿಡಿ. ಸುಮಾರು 10ರಿಂದ 13 ಡಿಗ್ರಿಗೆ ಬಂದಾಗ ಹುರಿದ ಬಾರ್ಲಿಯ ಕಾಫಿಯಂಥ ಕಹಿ, ಕೋಕೋ ಎಲ್ಲಾ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ನನಗೆ ಅತಿ ಇಷ್ಟದ ಗುಟುಕು ಅದೇ.

ಜೊತೆಗೆ ಸಿಹಿ ತಿಂಡಿ ಬೇಡ, ಎರಡೂ ಸೇರಿ ಸಿಹಿ ಅತಿಯಾಗುತ್ತದೆ. ಉಪ್ಪು ಹಾಕಿ ಹುರಿದ ಕಡಲೆಕಾಯಿ ಚೆನ್ನಾಗಿ ಹೊಂದುತ್ತದೆ. ಬೇರೆ ಬಿಯರ್ ಕುಡಿಯುವುದಿದ್ದರೆ ಸ್ಟೌಟನ್ನು ಕೊನೆಗೆ ಇಟ್ಟುಕೊಳ್ಳಿ.

ಆಲ್ಕೋಹಾಲ್ ಎಷ್ಟು ಶೇಕಡಾ ಅಂತಲೂ ನೋಡಿ. ಸಿಹಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಗಾಡಿ ಮನೆಯಲ್ಲೇ ಬಿಟ್ಟು, ಮೆಟ್ರೋದಲ್ಲೋ ಆಟೋದಲ್ಲೋ ಹೋಗಿ ಬನ್ನಿ.