ಪತ್ತನಾಜೆಯೊಳಗೆ ಪಿಸಿ ಬಿಚ್ಚಿ: ಕರಾವಳಿಯ ಮಳೆಗಾಲಕ್ಕೆ ಗೇಮಿಂಗ್ ಕಂಪ್ಯೂಟರ್ ಸಿದ್ಧಮಾಡುವ ಕ್ರಮ

ಪಣಂಬೂರು, ಉಳ್ಳಾಲ, ಕಾಪು, ಮಲ್ಪೆ ಕಡೆಯ ಮನೆಗಳಲ್ಲಿ ಕಂಪ್ಯೂಟರಿಗೆ ಸೆಕೆಗಿಂತ ದೊಡ್ಡ ಶತ್ರು ಉಪ್ಪು. ಕಡಲ ಗಾಳಿಯ ಉಪ್ಪಿನ ಕಣಗಳು ಧೂಳಿನ ಜೊತೆ ಸೇರಿ ಮದರ್‌ಬೋರ್ಡ್ ಮೇಲೆ ಕೂರುತ್ತವೆ. ಬೇಸಿಗೆಯ ಒಣ ಹೊತ್ತಿನಲ್ಲಿ ಅದು ಬರೀ ಪುಡಿ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಜಡಿಮಳೆಯ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿಗೆ ಆಗುವುದೂ ಇದೇ. ಉಪ್ಪುನೀರಿನ ಈ ಪದರದಲ್ಲಿ ವಿದ್ಯುತ್ ಹರಿಯುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಜುಲೈಯಲ್ಲಿ ಪಿಸಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಆನ್ ಆಗದಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಹಾಗಾಗಿ ಶುಚಿ ಮಾಡುವ ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಪತ್ತನಾಜೆ, ಅಂದರೆ ತುಳು ಕ್ಯಾಲೆಂಡರಿನ ಬೇಷ ತಿಂಗಳ 10ನೇ ದಿನ, ಮೇ 24ರ ಆಸುಪಾಸಿಗೆ ಬರುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಆ ದಿನವನ್ನೇ ಗಡುವು ಎಂದಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕೇಸ್ ತೆರೆದು ಒರೆಸಿದರೆ ಒಣಗುವುದೇ ಇಲ್ಲ.

ಬೇಕಾದ ಸಾಮಾನು ಹೆಚ್ಚಿಲ್ಲ: ಫಿಲಿಪ್ಸ್ ಸ್ಕ್ರೂಡ್ರೈವರ್, ಒಂದಿಂಚಿನ ಮೆತ್ತನೆಯ ಪೇಂಟ್ ಬ್ರಷ್, ಕೈಯಲ್ಲಿ ಹಿಡಿಯುವ ಬ್ಲೋವರ್, ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ., ನೂಲು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಪೇಸ್ಟ್). ಆಲ್ಕೋಹಾಲನ್ನು ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲೇ ಕೇಳಿ. ಸ್ಯಾನಿಟೈಸರ್‌ನಲ್ಲಿ ನೀರು ಇರುತ್ತದೆ, ಬಹಳಷ್ಟರಲ್ಲಿ ಗ್ಲಿಸರಿನ್ ಸಹ. ಅದು ಅಂಟಾಗಿ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ತುಕ್ಕಿಗೆ ಹೊಡೆಯುವ ಮಾಮೂಲಿ ಸ್ಪ್ರೇಯೂ ಬೇಡ, ಅದರ ಎಣ್ಣೆ ಹೋಗುವುದಿಲ್ಲ.

ಬಿಚ್ಚುವ ಮೊದಲು ಒಂದು ಕೆಲಸವಿದೆ. ನೀವು ಆಡುವ ಭಾರದ ಗೇಮ್ ಒಂದನ್ನು 20 ನಿಮಿಷ ಓಡಿಸಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ತಾಪಮಾನ ಬರೆದಿಡಿ. ಶುಚಿಯಾದ ಮೇಲೆ ಅದೇ ಗೇಮ್, ಅಷ್ಟೇ ಹೊತ್ತು, ಅದೇ ಕೋಣೆಯ ಸೆಕೆಯಲ್ಲಿ ಮತ್ತೆ ನೋಡಿ. ಧೂಳು ತೆಗೆದಾಗಲೇ ತಾಪ ಇಳಿದರೆ ಥರ್ಮಲ್ ಪೇಸ್ಟ್ ಮುಟ್ಟುವ ಅಗತ್ಯವಿಲ್ಲ.

ಈಗ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಲ್ಲಿ ತಡೆದುಕೊಳ್ಳಿ. ಗಾಳಿಗೆ ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು. ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಹೊರಗಿನಿಂದ ಊದಿದರೆ ಸಾಕು, ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಚಾರ್ಜ್ ಉಳಿದಿರಬಹುದು.

ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೊರತೆಗೆದು, ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಚೆನ್ನಾಗಿದ್ದರೆ ಒಂದೇ ಸಮನೆ ಹೊಳೆಯುತ್ತವೆ. ಮಸುಕಾದ ಕಲೆ, ಹಸಿರು ಚುಕ್ಕೆ ಕಂಡರೆ ಬಟ್ಟೆಗೆ ಎರಡು ಹನಿ ಆಲ್ಕೋಹಾಲ್ ಹಾಕಿ, ಪಟ್ಟಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಎಲ್ಲೆಡೆ ಇದೆ. ಚಿನ್ನದ ಲೇಪ ಬಹಳ ತೆಳು, ಪ್ರತಿ ವರ್ಷ ಉಜ್ಜಿದರೆ ಸವೆದು ಕೆಳಗಿನ ಲೋಹ ಹೊರಬರುತ್ತದೆ. ಆಲ್ಕೋಹಾಲಿಗೆ ಹೋಗದ ಕಲೆಗೆ ಮಾತ್ರ ಬಿಳಿ ರಬ್ಬರ್, ಅದೂ ಹಗುರವಾಗಿ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬೀಳದಂತೆ ನೋಡಿಕೊಳ್ಳಿ.

ತಾಪ ಇಳಿಯದಿದ್ದರೆ ಪೇಸ್ಟ್ ಬದಲಿಸಿ. ಎಎಂಡಿ ಪ್ರೊಸೆಸರ್‌ನ ಎಎಂ4 ಸಾಕೆಟ್ ಬೋರ್ಡ್ ಇದ್ದವರು ಜಾಗ್ರತೆ: ತಣ್ಣಗಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟ್ ಪ್ರೊಸೆಸರನ್ನೂ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಪಿನ್ ಬಗ್ಗುತ್ತದೆ. ಮೊದಲು ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲ ತಿರುಚಿ ಎತ್ತಿ. ಹಳೆಯದನ್ನು ಆಲ್ಕೋಹಾಲಿನಿಂದ ಒರೆಸಿ, ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಇಟ್ಟು, ಸ್ಕ್ರೂಗಳನ್ನು ಒಂದು ಮೂಲೆಯಿಂದ ಅದರ ಎದುರು ಮೂಲೆಗೆ ಹೋಗುತ್ತ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಇಡುವ ಜಾಗ: ಪಡುವಣ ಕಿಟಕಿಯಿಂದ ದೂರ, ನೆಲದಿಂದ ಆರಿಂಚು ಮೇಲೆ. ಜೋರು ಮಳೆಗೆ ಟೈಲ್ಸ್ ನೆಲ ಬೆವರುತ್ತದೆ. ಹಿಂದಿನ ಖಾಲಿ ಸ್ಲಾಟ್‌ಗಳಿಗೆ ತಗಡಿನ ಮುಚ್ಚಳ ಹಾಕಿ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿ ಆ ಸಂದಿಯಲ್ಲೇ ಒಳಹೊಕ್ಕು ಶಾರ್ಟ್ ಆಗುತ್ತದೆ.

ಮಳೆ ಹಿಡಿದ ಮೇಲೆ

ಮಳೆಗಾಲದಲ್ಲಿ ಹಾಳಾದೀತೆಂದು ಪಿಸಿಯನ್ನು ಬಟ್ಟೆ ಮುಚ್ಚಿ ಬಂದ್ ಮಾಡಿ ಇಡುವುದು ತಪ್ಪು. ಕೋಣೆಯ ಗಾಳಿ 27 ಡಿಗ್ರಿ, ತೇವಾಂಶ ಶೇ. 95 ಇದೆಯೆನ್ನಿ. ಕೇಸಿನೊಳಗೆ ಅದೇ ಗಾಳಿ 5 ಡಿಗ್ರಿ ಬಿಸಿಯಾದರೆ ಸಾಪೇಕ್ಷ ತೇವಾಂಶ ಸುಮಾರು ಶೇ. 71ಕ್ಕೆ ಇಳಿಯುತ್ತದೆ, 10 ಡಿಗ್ರಿ ಬಿಸಿಯಾದರೆ ಶೇ. 55ರ ಹತ್ತಿರ. ಎರಡೂ ಉಪ್ಪು ಕರಗುವ ಮಟ್ಟಕ್ಕಿಂತ ಕೆಳಗೆ. ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ, ಅದರಲ್ಲಿ ಅರ್ಧ ಗಂಟೆ ಗೇಮ್ ಇರಲಿ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದಿದ್ದರೆ ಬಂದ ಕೂಡಲೇ ಸ್ವಿಚ್ ಒತ್ತಬೇಡಿ. ಕೇಸ್ ತೆರೆದು ಒಂದೆರಡು ಗಂಟೆ ಟೇಬಲ್ ಫ್ಯಾನ್ ಬಿಡಿ, ಎಸಿ ಕೋಣೆಯಿದ್ದರೆ ಇನ್ನೂ ಒಳ್ಳೆಯದು. ರ‍್ಯಾಮ್ ತೆಗೆದು ಮತ್ತೆ ಕೂರಿಸಿ, ಆಮೇಲೆ ಆನ್ ಮಾಡಿ.

ಎಸಿ ಕೋಣೆಯಲ್ಲಿದ್ದ ಲ್ಯಾಪ್‌ಟಾಪನ್ನು ಹೊರಗೆ ತಂದಾಗ ಇದರ ಉಲ್ಟಾ ಆಗುತ್ತದೆ: ತಣ್ಣಗಿನ ಲೋಹದ ಮೇಲೆ ನೀರು ಕಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇಟ್ಟು ಆಮೇಲೆ ತೆರೆಯಿರಿ.

ಕಂಟ್ರೋಲರ್, ಹಳೆಯ ಹಾರ್ಡ್ ಡಿಸ್ಕ್, ಹೆಚ್ಚುವರಿ ರ‍್ಯಾಮ್ ಇತ್ಯಾದಿಗೆ ರಬ್ಬರ್ ಅಂಚಿನ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ಮೀಟರ್ ಶೇ. 40ರಿಂದ 50 ತೋರಿಸಬೇಕು. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ, ತೇವ ಹೀರಿದಾಗ ಹಸಿರಾಗುವ ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ಹಸಿರಾದರೆ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಬಣ್ಣ ಮರಳುತ್ತದೆ. ಕಂಟ್ರೋಲರ್‌ನ ಎಎ ಸೆಲ್ ತೆಗೆದೇ ಇಡಿ. ಸೋರಿದ ಆಲ್ಕಲೈನ್ ಸೆಲ್‌ನ ಬಿಳಿ ಪುಡಿಯನ್ನು ಬಿಳಿ ವಿನೆಗರ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ, ಮೇಲೆ ಆಲ್ಕೋಹಾಲ್ ಹಚ್ಚಿ.

ಗುಡುಗು ಸಿಡಿಲು

ಏಪ್ರಿಲ್-ಮೇ ಮತ್ತು ಹಿಂಗಾರಿನ ಅಕ್ಟೋಬರ್ ಸಂಜೆಗಳು ನಿಜಕ್ಕೂ ಅಪಾಯದ ಹೊತ್ತು. ಹತ್ತಿರದಲ್ಲಿ ಬಡಿದ ಸಿಡಿಲನ್ನು ಯುಪಿಎಸ್ ಆಗಲಿ, ಸ್ಪೈಕ್ ಗಾರ್ಡ್ ಆಗಲಿ ತಡೆಯುವುದಿಲ್ಲ. ಪ್ಲಗ್ ಕೀಳುವುದೊಂದೇ ದಾರಿ. ಹೆಚ್ಚಿನವರು ಮರೆಯುವುದು ಲ್ಯಾನ್ ಕೇಬಲ್. ಫೈಬರ್ ಗಾಜಿನಲ್ಲಿ ಕರೆಂಟ್ ಹರಿಯದು, ನಿಜ. ಆದರೆ ಇಂಟರ್ನೆಟ್ ಮೋಡೆಮ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿದೆ, ಅಲ್ಲಿಂದ ಲ್ಯಾನ್ ಮೂಲಕ ನೇರ ಮದರ್‌ಬೋರ್ಡಿಗೆ ದಾರಿಯಿದೆ. ಪಿಸಿಯನ್ನು ಟಿವಿಗೆ ಎಚ್‌ಡಿಎಂಐನಲ್ಲಿ ಜೋಡಿಸಿದ್ದರೆ ಮಾಡಿನ ಮೇಲಿನ ಡಿಶ್‌ನಿಂದ ಇನ್ನೊಂದು ದಾರಿ. ಅದನ್ನೂ ಕಿತ್ತಿಡಿ.

ಸ್ಪೈಕ್ ಗಾರ್ಡ್ ಕೆಲಸ ಮಾಡಲು ಅರ್ಥಿಂಗ್ ಚೆನ್ನಾಗಿರಬೇಕು. ಮುರಕಲ್ಲಿನ (ಜಂಬಿಟ್ಟಿಗೆ) ಜಾಗದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ಮಣ್ಣಿನ ಸಂಪರ್ಕ ತಪ್ಪುತ್ತದೆ, ವಾರಕ್ಕೊಮ್ಮೆ ನೀರು ಹೊಯ್ಯಿರಿ. ಮಲ್ಟಿಮೀಟರ್ ಬಳಸಿ ಗೊತ್ತಿದ್ದರೆ ಎಸಿ 750 ವೋಲ್ಟ್ ರೇಂಜಿನಲ್ಲಿ ಸಾಕೆಟ್ ನೋಡಿ: ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಎರಡೂ 230ರ ಆಸುಪಾಸು, ನ್ಯೂಟ್ರಲ್-ಅರ್ಥ್ 3 ವೋಲ್ಟಿನೊಳಗೆ ಇರಬೇಕು. ಕೇಸ್ ಮುಟ್ಟಿದಾಗ ಜುಂ ಎಂದರೆ ಅರ್ಥಿಂಗ್ ಇಲ್ಲವೆಂದೇ ಲೆಕ್ಕ, ಎಲೆಕ್ಟ್ರಿಷಿಯನ್ ಬರುವವರೆಗೆ ಬಳಸಬೇಡಿ.

ಇನ್ನು ಯುಪಿಎಸ್. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಗೇಮ್ ನಡುವೆ ಅದನ್ನು ಮೀರಿದರೆ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಡ ಕೈಕೊಡುತ್ತದೆ. 1000 ವಿಎ, 600 ವ್ಯಾಟ್‌ನದ್ದು ತೆಗೆದುಕೊಳ್ಳಿ. ಅದು ಸೇವ್ ಮಾಡಿ ಬಂದ್ ಮಾಡಲು, ಮ್ಯಾಚ್ ಮುಗಿಸಲು ಅಲ್ಲ.

ಪದೇಪದೇ ಪ್ಲಗ್ ಕೀಳುವ ಮನೆಗಳಲ್ಲಿ ಗಡಿಯಾರ ನಡೆಸುವ ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಬೇಗ ಇಳಿಯುತ್ತದೆ. ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಹೋಗಿ, ಬ್ರೌಸರ್ ಎಲ್ಲ ಸೈಟಿಗೂ ಸುರಕ್ಷತೆಯ ಎಚ್ಚರಿಕೆ ತೋರಿಸಿದರೆ ವೈರಸ್ ಎಂದು ಗಾಬರಿಯಾಗಿ ವಿಂಡೋಸ್ ಹೊಸದಾಗಿ ಹಾಕಬೇಡಿ. ಗಡಿಯಾರ ತಪ್ಪಿದ್ದಕ್ಕೆ ಸೈಟಿನ ಭದ್ರತಾ ಸರ್ಟಿಫಿಕೇಟ್‌ನ ದಿನಾಂಕ ಹೊಂದುತ್ತಿಲ್ಲ, ಅಷ್ಟೇ. ಸೆಲ್ ಹೊರತೆಗೆದು ಅಳೆಯಿರಿ, 2.8 ವೋಲ್ಟಿಗಿಂತ ಕಡಿಮೆಯಿದ್ದರೆ ಹೊಸದು ಹಾಕಿ, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ತಾರೀಕು ಸರಿಮಾಡಿ, ರ‍್ಯಾಮ್‌ನ ವೇಗದ ಎಕ್ಸ್‌ಎಂಪಿ ಮತ್ತು ಫ್ಯಾನ್ ವೇಗದ ಸೆಟ್ಟಿಂಗ್ ಮತ್ತೊಮ್ಮೆ ಹಾಕಿ.